ಸರಕಿನ ಜಾಗ ಎಲ್ಲಿರಬೇಕು? ಪೇಟೆ, ಬೈಪಾಸ್ ಮತ್ತು ರೈಲು ಹಳಿಯನ್ನು ತೂಗಿ ನೋಡುವ ಬಗೆ

ಬೆಂಗಳೂರಿನ ನ್ಯೂ ತರಗುಪೇಟೆ, ಬೆಳಗಿನ ಐದೂವರೆ. ಹತ್ತು ಚಕ್ರದ ಲಾರಿಯೊಂದು ಗಲ್ಲಿಯೊಳಕ್ಕೆ ಹಿಮ್ಮುಖವಾಗಿ ಬರುತ್ತಿದೆ. ಕ್ಲೀನರ್ ಹಿಂಬದಿಯ ಹಲಗೆಯನ್ನು ಅಂಗೈಯಿಂದ ಬಡಿಯುತ್ತ ‘ಬರಲಿ, ಬರಲಿ’ ಎನ್ನುತ್ತಿದ್ದಾನೆ. ಮೇಲ್ಮಹಡಿಯ ಮನೆಯ ಹೆಂಗಸೊಬ್ಬಳು ಹೊರಗೆ ಬಂದು ತಂತಿಯ ಮೇಲಿನ ಸೀರೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಾಳೆ, ತಾಡಪತ್ರಿಗೆ ಬಿಗಿದ ಹಗ್ಗಕ್ಕೆ ಸಿಕ್ಕಿ ಹರಿಯದಿರಲಿ ಎಂದು. ಲಾರಿ ನಿಂತೊಡನೆ ಹಮಾಲಿಗಳು ಗೋಣಿಚೀಲವನ್ನು ಮಡಚಿ ತಲೆಗೆ ಹಾಕಿಕೊಂಡು ಬೆನ್ನು ಕೊಡುತ್ತಾರೆ. ಐವತ್ತು ಕೆ.ಜಿ.ಯ ಮೂಟೆಗಳು, ಒಟ್ಟು ಮುನ್ನೂರ ಅರವತ್ತು. ಶಾಲೆಯ ವ್ಯಾನು ಇದೇ ಗಲ್ಲಿಗೆ ಬರುವಷ್ಟರಲ್ಲಿ ಲಾರಿ ಖಾಲಿಯಾಗಿ ಹೊರಟಿರಬೇಕು.

ಇದನ್ನು ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ‘ಇದನ್ನೆಲ್ಲ ಊರ ಹೊರಗೆ ಸಾಗಿಸಬೇಕು’ ಎಂಬುದು. ಲಾರಿ ಬುಕಿಂಗ್ ಕಚೇರಿಯಲ್ಲಿ ಕುಳಿತು ಇಪ್ಪತ್ತೆರಡು ವರ್ಷ ಬಿಲ್ಟಿ (ಸರಕಿನ ರಸೀದಿ) ಬರೆದ ನಾನೂ ಮೊದಮೊದಲು ಹಾಗೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಯಾವ ಸರಕು, ಯಾವ ಊರು, ಕೊಳ್ಳುವವರು ಎಲ್ಲಿದ್ದಾರೆ ಎಂದು ಕೇಳದೆ ಹೊರಗೆ ಸಾಗಿಸಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಊರಿನಲ್ಲೂ ಸಗಟು ಮಾರುಕಟ್ಟೆ, ಲಾರಿ ನಿಲ್ದಾಣ ಅಥವಾ ಗೋದಾಮುಗಳ ಸ್ಥಳಾಂತರದ ಚರ್ಚೆ ನಡೆಯುತ್ತಿದ್ದರೆ, ಆಯ್ಕೆಗಳನ್ನು ಹೀಗೊಮ್ಮೆ ತೂಗಿ ನೋಡಿ.

ಒಂದು ಲಾರಿ, ಇಪ್ಪತ್ತನಾಲ್ಕು ಸಣ್ಣ ಗಾಡಿ

ಮೊದಲು ಒಂದು ಲೆಕ್ಕ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿಯನ್ನು ಏರಿಸಿದ ಮೇಲೆ ಹತ್ತು ಚಕ್ರದ ಲಾರಿಯ ಒಟ್ಟು ತೂಕ 28.5 ಟನ್ ಇರಬಹುದು. ಲಾರಿಯ ಸ್ವಂತ ತೂಕವನ್ನು ಕಳೆದರೆ ಅದರ ಮೇಲೆ ಹದಿನೆಂಟು ಟನ್ ಸರಕು ಎಂದಿಟ್ಟುಕೊಳ್ಳಿ. ನಮ್ಮ ಊರುಗಳಲ್ಲಿ ಅಂಗಡಿಯ ಬಾಗಿಲಿಗೆ ಸರಕು ಮುಟ್ಟಿಸುವ ಟಾಟಾ ಏಸ್‌ನಂಥ ಗಾಡಿ ಹೊರುವುದು 750 ಕೆ.ಜಿ. ಅಂದರೆ ಒಂದು ಲಾರಿಯ ಸರಕಿಗೆ ಇಪ್ಪತ್ತನಾಲ್ಕು ಸಣ್ಣ ಗಾಡಿಗಳು ಬೇಕು.

ಮಾರುಕಟ್ಟೆ ಪೇಟೆಯಲ್ಲಿದೆ, ಅಂಗಡಿಗಳು ಸುತ್ತಲ ಮೂರು ಕಿಲೋಮೀಟರ್ ಒಳಗಿವೆ ಎಂದುಕೊಳ್ಳೋಣ. ಇಪ್ಪತ್ತನಾಲ್ಕು ಗಾಡಿಗಳು ಹೋಗಿ ಬರಲು 144 ಕಿಲೋಮೀಟರ್ ಓಡುತ್ತವೆ. ಮಾರುಕಟ್ಟೆಯನ್ನು ಇಪ್ಪತ್ತು ಕಿಲೋಮೀಟರ್ ಆಚೆ ಇಟ್ಟರೆ ಅವೇ ಗಾಡಿಗಳು 960 ಕಿಲೋಮೀಟರ್ ಓಡಬೇಕು. ಉಳಿಯುವುದು ಒಂದು ಲಾರಿ ಊರೊಳಗೆ ಬಂದು ಹೋಗುವ ನಲವತ್ತು ಕಿಲೋಮೀಟರ್ ಮಾತ್ರ. ಲಾರಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಅದು ಮರೆಯಾದ ಮೇಲೆ ರಸ್ತೆಯ ತುಂಬ ಹರಿದಾಡುವ ಸಣ್ಣ ಗಾಡಿಗಳನ್ನು ಯಾರೂ ಲೆಕ್ಕ ಇಡುವುದಿಲ್ಲ.

ಆದರೆ ಈ ಲೆಕ್ಕ ತಿರುವುಮುರುವಾಗುವುದೂ ಉಂಟು. ಕೊಳ್ಳುವವರು ಪೇಟೆಯ ಸುತ್ತ ಇಲ್ಲದೆ ಯಲಹಂಕ, ಕೆಂಗೇರಿ, ಕೃಷ್ಣರಾಜಪುರ ಎಂದು ಊರಂಚಿನಲ್ಲಿ ಹರಡಿದ್ದರೆ, ಅವರೆಲ್ಲರನ್ನೂ ಪೇಟೆಗೆ ಎಳೆದು ತರುವುದೇ ದುಂದು. ಹಾಗಾಗಿ ಮೊದಲ ಕೆಲಸ, ಕೊಳ್ಳುವವರ ನಕ್ಷೆ. ವರ್ತಕರ ಬಳಿ ಉದ್ರಿ ಪುಸ್ತಕವಿರುತ್ತದೆ, ಅದರಲ್ಲಿ ಅಂಗಡಿಗಳ ಹೆಸರು ಮತ್ತು ಊರು ಇರುತ್ತವೆ. ಇಪ್ಪತ್ತು ವರ್ತಕರ ಒಂದು ತಿಂಗಳ ಪುಸ್ತಕ ನೋಡಿ ಗುರುತು ಹಾಕಿದರೆ ಸಾಕು, ಮಾರುಕಟ್ಟೆ ಎಲ್ಲಿರಬೇಕೆಂಬುದರ ಅರ್ಧ ಉತ್ತರ ಸಿಕ್ಕಂತೆ.

ಇನ್ನರ್ಧ ಉತ್ತರ ರಸ್ತೆಯ ಸವೆತದಲ್ಲಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಗಳಿಂದ ಬಂದ ಒಂದು ಅಂದಾಜನ್ನು ಎಂಜಿನಿಯರ್‌ಗಳು ಇಂದಿಗೂ ಬಳಸುತ್ತಾರೆ: ಒಂದು ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಸಣ್ಣ ಗಾಡಿಗಳು ಎಷ್ಟೇ ಓಡಿದರೂ ಡಾಂಬರು ಕೀಳುವುದಿಲ್ಲ, ಅವು ತಿನ್ನುವುದು ಜಾಗ ಮತ್ತು ಇಂಧನವನ್ನು. ಡಾಂಬರು ಕೀಳುವುದು ತುಂಬಿದ ಲಾರಿ. ಆದ್ದರಿಂದ ತುಂಬಿದ ಲಾರಿ ಓಡಾಡುವ ರಸ್ತೆಗಳು ಊರಿನಲ್ಲಿ ಕೆಲವೇ ಇರಬೇಕು, ಇದ್ದವು ಗಟ್ಟಿಯಾಗಿರಬೇಕು, ಅವುಗಳ ಬದಿಯಲ್ಲಿ ಏನು ಕಟ್ಟಬಹುದು ಎಂಬುದು ಮೊದಲೇ ಗೊತ್ತಿರಬೇಕು. ನಮ್ಮ ಊರುಗಳ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಗಳಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ಇರುತ್ತದೆ. ಲಾರಿ ಎಲ್ಲಿ ತಿರುಗಬೇಕು, ಎಲ್ಲಿ ಕಾಯಬೇಕು, ಚಾಲಕ ಎಲ್ಲಿ ಮಲಗಬೇಕು ಎಂಬುದನ್ನು ಆ ಬಣ್ಣಗಳು ಹೇಳುವುದಿಲ್ಲ.

ಪೇಟೆಯಲ್ಲೇ ಉಳಿಸಿಕೊಳ್ಳುವುದು

ನಮ್ಮ ಹಳೆಯ ಊರುಗಳು ಸರಕಿನ ಸುತ್ತಲೇ ಬೆಳೆದವು. ಬೆಂಗಳೂರಿನ ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆಗಳ ಹೆಸರೇ ಸಾಕ್ಷಿ. ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲೂ ಗಾಡಿಗಳನ್ನು ನಿಲ್ಲಿಸಿ ಸುಂಕ ಎತ್ತುತ್ತಿದ್ದ ನೆನಪು ಉಳಿದಿದೆ. ಕೊಳ್ಳುವವನು ಒಂದೇ ಸುತ್ತಿನಲ್ಲಿ ಬೇಳೆ, ಸಕ್ಕರೆ, ಎಣ್ಣೆ, ಗೋಣಿ, ದಾರ ಎಲ್ಲವನ್ನೂ ಮುಗಿಸುತ್ತಾನೆ. ಉದ್ರಿ ಕೊಡುವವನಿಗೆ ಅವನ ಮುಖಪರಿಚಯವಿದೆ. ನಾಲ್ಕು ಹೆಜ್ಜೆಗೆ ಬ್ಯಾಂಕು, ರಿಪೇರಿಯವನು, ಚಹಾದಂಗಡಿ. ಹೊಸ ಯಾರ್ಡಿನಲ್ಲಿ ಇದೆಲ್ಲ ಬೇರೂರಲು ಒಂದು ತಲೆಮಾರು ಬೇಕು.

ಚಿಲ್ಲರೆ ಅಂಗಡಿಗಳು ಪೇಟೆಯ ಸುತ್ತಲೇ ಇರುವ ಊರಿಗೆ, ಹೂವು, ಬಟ್ಟೆ, ಔಷಧಿ, ಬಿಡಿಭಾಗಗಳಂಥ ಹಗುರ ಮತ್ತು ಬೆಲೆಬಾಳುವ ಸರಕಿಗೆ ಈ ಆಯ್ಕೆ ಹೊಂದುತ್ತದೆ. ಸಿಮೆಂಟು, ಕಬ್ಬಿಣ, ಮರದ ದಿಮ್ಮಿಗಳಿಗೆ ಖಂಡಿತ ಹೊಂದುವುದಿಲ್ಲ. ಅವುಗಳನ್ನು ಪೇಟೆಯಲ್ಲಿ ಇಟ್ಟುಕೊಂಡಿರುವ ಊರು ತನ್ನ ಚರಂಡಿ, ಗೋಡೆ, ಮಕ್ಕಳು ಎಲ್ಲವನ್ನೂ ಪಣಕ್ಕೊಡ್ಡಿದೆ ಎಂದೇ ಹೇಳುತ್ತೇನೆ.

ಪೇಟೆಯನ್ನು ಉಳಿಸಿಕೊಳ್ಳುವ ಊರುಗಳು ಸಾಮಾನ್ಯವಾಗಿ ಹಗಲು ಭಾರಿ ವಾಹನ ನಿಷೇಧಿಸುವ ದಾರಿ ಹಿಡಿಯುತ್ತವೆ. ಪೊಲೀಸ್ ಆಯುಕ್ತರ ಒಂದು ಅಧಿಸೂಚನೆ ಸಾಕು, ಕೆಲಸ ಮುಗಿಯಿತು ಎಂದು ತೋರುತ್ತದೆ. ಮುಗಿಯುವುದಿಲ್ಲ. ಬೆಳಗ್ಗೆ ಎಂಟಕ್ಕೆ ಊರಂಚು ಮುಟ್ಟಿದ ಲಾರಿ ರಾತ್ರಿ ಹತ್ತರವರೆಗೆ ಎಲ್ಲಿರಬೇಕು? ಹೆದ್ದಾರಿಯ ಬದಿಯಲ್ಲಿ. ದೀಪವಿಲ್ಲದೆ, ಶೌಚಾಲಯವಿಲ್ಲದೆ, ಅರ್ಧ ಚಕ್ರ ರಸ್ತೆಯ ಮೇಲಿಟ್ಟುಕೊಂಡು. ಅದಕ್ಕೆ ಹಿಂದಿನಿಂದ ಗುದ್ದುವ ಬೈಕ್ ಸವಾರನ ಸುದ್ದಿಯನ್ನು ನಾವು ಪತ್ರಿಕೆಯ ಒಳಪುಟದಲ್ಲಿ ಓದುತ್ತೇವೆ. ಹೊತ್ತಿನ ನಿಷೇಧ ಹೊರಡಿಸಿದವರು ಊರಿನ ಪ್ರತಿಯೊಂದು ಬಾಗಿಲಲ್ಲೂ ಲಾರಿ ಕಾಯುವ ಜಾಗವನ್ನು ಅದೇ ಆದೇಶದಲ್ಲಿ ಗುರುತಿಸಬೇಕು. ಗುರುತಿಸದೆ ಹೊರಡಿಸಿದ ಆದೇಶಗಳಿಗೆ ನನ್ನ ಪರಿಚಯದ ಇಬ್ಬರು ಚಾಲಕರು ಕಾಲು ತೆತ್ತಿದ್ದಾರೆ.

ಇನ್ನು ರಸ್ತೆ ಅಗಲ ಮಾಡುವ ಮಾತು. ಮೆಣಸಿನಕಾಯಿಗೆ ಹೆಸರಾದ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮುಖ್ಯ ರಸ್ತೆ ಅಗಲೀಕರಣದ ಜಗಳ ವರ್ಷಗಟ್ಟಲೆ ಎಳೆಯಿತು. ಸುಗ್ಗಿಯಲ್ಲಿ ಎಪಿಎಂಸಿ ಪ್ರಾಂಗಣಕ್ಕೆ ಲಕ್ಷಗಟ್ಟಲೆ ಚೀಲ ಬರುತ್ತದೆ. ಸುತ್ತಲ ಜಿಲ್ಲೆಗಳಿಂದಷ್ಟೇ ಅಲ್ಲ, ಆಂಧ್ರ ಮತ್ತು ತೆಲಂಗಾಣದ ಕಡೆಯಿಂದಲೂ ಬರುತ್ತದೆ. ಮಾರುಕಟ್ಟೆ ಇಡೀ ದೇಶದ ಮಟ್ಟಕ್ಕೆ ಬೆಳೆದರೂ ಊರ ನಡುವಿನ ರಸ್ತೆ ಹಳೆಯ ಅಳತೆಯಲ್ಲೇ ಉಳಿದಿತ್ತು. ರಸ್ತೆ ಬದಿಯವರಿಗೆ ಅಂಗಡಿ ಹೋಗುವ ಸಂಕಟ, ಉಳಿದವರಿಗೆ ದಿನವೂ ಉಸಿರುಗಟ್ಟುವ ಸಂಕಟ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಮಾರುಕಟ್ಟೆ ಬೆಳೆಯುತ್ತಿದ್ದ ಕಾಲದಲ್ಲೇ ಸರಕಿನ ಲಾರಿಗಳು ಊರ ಹೊರಗಿನಿಂದ ನೇರವಾಗಿ ಪ್ರಾಂಗಣಕ್ಕೆ ಬರುವ ದಾರಿಗೆ ಜಾಗ ಕಾಯ್ದಿರಿಸಿದ್ದರೆ ಈ ಜಗಳಕ್ಕೆ ಇಷ್ಟು ಕಾವು ಬರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೈಪಾಸ್ ಬದಿಯ ಯಾರ್ಡ್

ಹೆಚ್ಚಿನ ಊರುಗಳು ಆರಿಸಿಕೊಳ್ಳುವುದು ಇದನ್ನೇ. ಜಾಗ ಅಗ್ಗ, ಲಾರಿ ಸಲೀಸಾಗಿ ತಿರುಗುತ್ತದೆ, ಗೋದಾಮಿನ ನೆಲವನ್ನು ಲಾರಿಯ ಹಾಸಿನ ಮಟ್ಟಕ್ಕೆ ಸುಮಾರು ನಾಲ್ಕು ಅಡಿ ಎತ್ತರಿಸಿ ಕಟ್ಟಬಹುದು. ಈ ನಾಲ್ಕು ಅಡಿಯ ಮಹತ್ವವನ್ನು ಮೂಟೆ ಹೊತ್ತವರನ್ನು ಕೇಳಿ. ತರಗುಪೇಟೆಯಲ್ಲಿ ಹಮಾಲಿ ಇಳಿಜಾರು ಹಲಗೆಯ ಮೇಲೆ ಬೆನ್ನು ಬಾಗಿಸಿ ಇಳಿಯುತ್ತಾನೆ, ಮಂಡಿ ಮೊದಲು ಹೋಗುತ್ತದೆ. ಮಟ್ಟ ಸಮನಾಗಿದ್ದರೆ ಕೈಗಾಡಿ ಒಳಗೆ ಹೋಗಿ ಹೊರಗೆ ಬರುತ್ತದೆ, ಲಾರಿ ಖಾಲಿಯಾಗುವ ಹೊತ್ತು ಅರ್ಧಕ್ಕಿಳಿಯುತ್ತದೆ, ಬೆನ್ನು ಉಳಿಯುತ್ತದೆ. ಯಾರ್ಡಿನ ಪರವಾಗಿ ನಾನು ಮೊದಲು ಹೇಳುವ ಮಾತೇ ಇದು.

ಆದರೆ ಊರಂಚು ಎನ್ನುವುದು ನಿಂತಲ್ಲಿ ನಿಲ್ಲುವುದಿಲ್ಲ. ಚೆನ್ನೈನ ಕೊಯಂಬೇಡು ಇದಕ್ಕೆ ಒಳ್ಳೆಯ ಉದಾಹರಣೆ. ಜಾರ್ಜ್ ಟೌನಿನ ಇಕ್ಕಟ್ಟಾದ ಕೊತವಾಲ್ ಚಾವಡಿಯಲ್ಲಿದ್ದ ತರಕಾರಿ ಸಗಟು ವ್ಯಾಪಾರ 1996ರಲ್ಲಿ ಅಲ್ಲಿಗೆ ಹೋಯಿತು. ಆಗ ಅದು ಊರಿನ ಹೊರಭಾಗ. ಪಕ್ಕದಲ್ಲೇ 2002ರಲ್ಲಿ ದೊಡ್ಡ ಬಸ್ ನಿಲ್ದಾಣ ಬಂತು, ಆಮೇಲೆ ಮೆಟ್ರೊ ಬಂತು, ನಡುವೆ ಬಡಾವಣೆಗಳು ತುಂಬಿಕೊಂಡವು. 2020ರ ಕೊರೊನಾ ಹೊತ್ತಿನಲ್ಲಿ ಸೋಂಕು ಹರಡಿದಾಗ ವ್ಯಾಪಾರವನ್ನು ತಾತ್ಕಾಲಿಕವಾಗಿ ಇನ್ನೂ ದೂರದ ತಿರುಮಳಿಸೈಗೆ ಒಯ್ಯಬೇಕಾಯಿತು. ಊರೂರಿಗೆ ಹೋಗುವ ಬಸ್ಸುಗಳ ನಿಲ್ದಾಣವೂ 2023ರ ಕೊನೆಯಲ್ಲಿ ಕಿಲಾಂಬಾಕ್ಕಕ್ಕೆ ಸರಿಯಿತು. ಇಪ್ಪತ್ತೈದು ವರ್ಷ ತುಂಬುವ ಮೊದಲೇ ‘ಹೊರಗಿನ’ ಮಾರುಕಟ್ಟೆ ಊರಿನ ನಟ್ಟನಡುವೆ ನಿಂತಿತ್ತು.

ನಮ್ಮ ಯಶವಂತಪುರದ್ದೂ ಇದೇ ಕಥೆ. ಪೇಟೆಯ ಧಾನ್ಯ ವ್ಯಾಪಾರದ ದೊಡ್ಡ ಪಾಲು ಅಲ್ಲಿನ ಎಪಿಎಂಸಿ ಪ್ರಾಂಗಣಕ್ಕೆ ಬಂದಾಗ ತುಮಕೂರು ರಸ್ತೆಯ ಆಚೆಗೆ ಬಯಲು ಕಾಣುತ್ತಿತ್ತು. ಈಗ ಸುತ್ತ ಮೆಟ್ರೊ, ಮಾಲ್, ಅಪಾರ್ಟ್‌ಮೆಂಟ್. ಆ ದಾರಿ ಎಷ್ಟು ಸೂಕ್ಷ್ಮವಾಗಿದೆ ಎಂಬುದು 2021ರ ಡಿಸೆಂಬರಿನಲ್ಲಿ ಗೊತ್ತಾಯಿತು. ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರು. ಸಣ್ಣ ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ದಾರಿ ಬಿಟ್ಟರೂ ಭಾರಿ ವಾಹನಗಳು 2024ರವರೆಗೆ ಕಾಯಬೇಕಾಯಿತು. ಅಷ್ಟೂ ಕಾಲ ಈರುಳ್ಳಿಯ ಲಾರಿ, ಬಸ್ಸು ಎಲ್ಲವೂ ಕೆಳಗಿನ ಒಂದೇ ರಸ್ತೆಯಲ್ಲಿ. ನಗರದ ಅನ್ನದ ದಾರಿ ಒಂದೇ ಸೇತುವೆಯನ್ನು ನಂಬಿಕೊಂಡಿರಬಾರದು.

ಯಶವಂತಪುರದಿಂದ ವ್ಯಾಪಾರವನ್ನು ದಾಸನಪುರಕ್ಕೆ, ಕಲಾಸಿಪಾಳ್ಯದ ತರಕಾರಿಯನ್ನು ಸಿಂಗೇನ ಅಗ್ರಹಾರಕ್ಕೆ ಒಯ್ಯುವ ಪ್ರಯತ್ನಗಳೂ ನಡೆದವು. ಲಾಕ್‌ಡೌನ್ ಬಿಗಿಯಾಗಿದ್ದಾಗ ಹೋದವು, ಸಡಿಲವಾದಾಗ ಮರಳುವ ಒತ್ತಡ ಎದ್ದಿತು. ವರ್ತಕರು ಹಠಮಾರಿಗಳು ಎಂದು ಇದನ್ನು ವಿವರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಗಿನ ಮೂರಕ್ಕೆ ಸೊಪ್ಪು ಕೊಳ್ಳಲು ಬರುವ ತಳ್ಳುಗಾಡಿಯ ಹೆಂಗಸು ಇಪ್ಪತ್ತು ಕಿಲೋಮೀಟರ್ ದೂರದ ಯಾರ್ಡಿಗೆ ಯಾವ ಬಸ್ಸಿನಲ್ಲಿ ಹೋಗಬೇಕು? ಆ ಹೊತ್ತಿಗೆ ಬಸ್ಸೇ ಇಲ್ಲ. ಅವಳು ಬರದಿದ್ದರೆ ವರ್ತಕನ ಸೊಪ್ಪು ಬಾಡುತ್ತದೆ. ಯಾರ್ಡಿಗೆ ಜಾಗ ಕೊಡುವವರು ಮೊದಲ ಬಸ್ಸು ಎಷ್ಟಕ್ಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು.

ನಾನು ಕೆಲಸ ಮಾಡುತ್ತಿದ್ದ ಕಚೇರಿಯನ್ನೂ ಒಮ್ಮೆ ಹೀಗೆ ಹೊರಗೆ ಸಾಗಿಸಿದರು. ಹೊಸ ಯಾರ್ಡಿನಲ್ಲಿ ಕಾಂಕ್ರೀಟು ಇತ್ತು, ದೀಪದ ಕಂಬಗಳಿದ್ದವು. ಕುಡಿಯುವ ನೀರಿನ ನಲ್ಲಿ ಒಂದೇ, ಅದೂ ದಿನ ಬಿಟ್ಟು ದಿನ. ಶೌಚಾಲಯಕ್ಕೆ ಬೀಗ. ಊಟಕ್ಕೆ ಎರಡು ಕಿಲೋಮೀಟರ್ ನಡೆಯಬೇಕು. ಚಾಲಕರು ಯಾರ್ಡಿನೊಳಗೆ ಸರಕು ಇಳಿಸಿ, ಮಲಗಲು ಮತ್ತೆ ಹೆದ್ದಾರಿಯ ಡಾಬಾ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ನಾಲ್ಕು ಚೀಲ, ಎರಡು ಪೆಟ್ಟಿಗೆ ಬುಕ್ ಮಾಡುವ ಸಣ್ಣ ಗಿರಾಕಿಗಳು ಆರು ತಿಂಗಳಲ್ಲಿ ಕಾಣೆಯಾದರು. ಅವರು ಖಾಸಗಿ ಬಸ್ಸಿನ ಟಾಪಿನ ಮೇಲೆ ಸರಕು ಹಾಕಿ ಕಳಿಸಲು ಶುರು ಮಾಡಿದ್ದರು. ಬಸ್ಸು ನಿಲ್ಲುವುದು ಊರ ನಡುವೆ. ಅಲ್ಲಿಗೆ ಸರಕೂ ಹಿಂದಿರುಗಿತು, ಕಚೇರಿ ಮಾತ್ರ ಹೊರಗುಳಿಯಿತು.

ಯಾರ್ಡನ್ನು ಆರಿಸಿಕೊಳ್ಳುವುದಾದರೆ ಮೂರು ಷರತ್ತುಗಳನ್ನು ಬಿಟ್ಟುಕೊಡಬೇಡಿ. ಸುತ್ತಲ ಜಮೀನು ವಸತಿಗೆ ಪರಿವರ್ತನೆಯಾಗದಂತೆ ಯೋಜನೆಯಲ್ಲೇ ಕಟ್ಟಿಹಾಕಬೇಕು. ಇದಾಗದಿದ್ದರೆ ಹತ್ತು ವರ್ಷದಲ್ಲಿ ‘ಲಾರಿಯ ಗದ್ದಲ ತಾಳಲಾರೆವು’ ಎಂಬ ಅರ್ಜಿಗಳು ಬರುತ್ತವೆ, ಅರ್ಜಿ ಕೊಟ್ಟವರ ತಪ್ಪೂ ಅದರಲ್ಲಿ ಇರುವುದಿಲ್ಲ. ಎರಡನೆಯದು, ಒಳಗೆ ಬರಲು ಮತ್ತು ಹೊರಗೆ ಹೋಗಲು ಬೇರೆ ಬೇರೆ ದಾರಿ. ಮೂರನೆಯದು ಚಾಲಕರ ಮತ್ತು ಹಮಾಲಿಗಳ ನೀರು, ಶೌಚ, ಊಟ, ನೆರಳು. ಯಾರ್ಡು ಬದುಕುವುದೂ ಸಾಯುವುದೂ ಈ ಮೂರನೆಯದರ ಮೇಲೆ. ಹುಬ್ಬಳ್ಳಿಯ ಅಮರಗೋಳ ಪ್ರಾಂಗಣಕ್ಕೆ ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ರಸ್ತೆ ಸಿಕ್ಕಿದ್ದು ಭಾಗ್ಯ: ಎರಡು ಊರಿನ ಗಿರಾಕಿಗಳು, ಹತ್ತಿರದಲ್ಲೇ ರೈಲು ಹಳಿ, ಈಗ ಎದುರಿಗೇ ಪ್ರತ್ಯೇಕ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು. ಸ್ಥಳದ ಆಯ್ಕೆ ಸರಿಯಿದ್ದರೆ ಯಾರ್ಡು ದಶಕಗಳ ಕಾಲ ನಿಲ್ಲುತ್ತದೆ ಎಂಬುದಕ್ಕೆ ಇದನ್ನು ತೋರಿಸಬಹುದು.

ರೈಲು ಹಳಿ ಮತ್ತು ಲಾಜಿಸ್ಟಿಕ್ಸ್ ಪಾರ್ಕ್

ರೈಲಿನಲ್ಲಿ ಸರಕು ಸಾಗಿಸಿದರೆ ರಸ್ತೆಯ ಹೊರೆ ಇಳಿಯುತ್ತದೆ ಎಂಬುದು ನಿಜ. ಆದರೆ ಆ ಹೊರೆ ಒಂದು ಕಡೆ ಗುಡ್ಡೆಯಾಗಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ತಿ ರೇಕ್ ಎಂದರೆ ಸಾಮಾನ್ಯವಾಗಿ 42 ವ್ಯಾಗನ್, 2,500 ಟನ್‌ಗೂ ಹೆಚ್ಚು ಸರಕು. ನಮ್ಮ ಹದಿನೆಂಟು ಟನ್ನಿನ ಲೆಕ್ಕದಲ್ಲಿ ಸುಮಾರು 140 ಲಾರಿ. ರೈಲ್ವೆ ಕೊಡುವ ಕೆಲವೇ ಗಂಟೆಗಳಲ್ಲಿ ಇಳಿಸದಿದ್ದರೆ ಡೆಮರೇಜ್, ಅಂದರೆ ತಡದ ದಂಡ, ಬೀಳುತ್ತದೆ. ಹೀಗಾಗಿ ರೇಕ್ ಬಂದ ದಿನ ಗೂಡ್ಸ್ ಶೆಡ್ಡಿನ ಮುಂದೆ 140 ಲಾರಿಗಳು ಒಟ್ಟಿಗೆ ಜಮಾಯಿಸುತ್ತವೆ. ಗೊಬ್ಬರದ ರೇಕೋ ಸಿಮೆಂಟಿನದೋ ಬಂತೆಂದು ಸ್ಟೇಷನ್ ರಸ್ತೆಯ ಮನೆಯವರಿಗೆ ಧೂಳಿನಿಂದಲೇ ಗೊತ್ತಾಗುತ್ತದೆ. ಊರು ಸಣ್ಣದಿದ್ದಾಗ ನಿಲ್ದಾಣದ ಮಗ್ಗುಲಲ್ಲೇ ಕಟ್ಟಿದ ಈ ಶೆಡ್ಡುಗಳನ್ನು ಮುಂದಿನ ಸಣ್ಣ ನಿಲ್ದಾಣಕ್ಕೆ ಒಯ್ಯುವುದು ಬಹಳ ಊರುಗಳಿಗೆ ಸುಲಭವಾಗಿ ಸಿಗುವ ದೊಡ್ಡ ಪರಿಹಾರ. ಇಲ್ಲಿ ತಳ್ಳುಗಾಡಿಯವರ ಪ್ರಶ್ನೆ ಬರುವುದಿಲ್ಲ, ಗೊಬ್ಬರವನ್ನು ಯಾರೂ ಬುಟ್ಟಿಯಲ್ಲಿ ಒಯ್ಯುವುದಿಲ್ಲ.

ಕಂಟೇನರ್ ವಿಷಯವೇ ಬೇರೆ. ನಲವತ್ತು ಅಡಿಯ ಕಂಟೇನರ್ ಹೊತ್ತ ಟ್ರೇಲರ್ ಒಂದು ತಿರುವು ತೆಗೆದುಕೊಳ್ಳಲು ಎರಡು ಲೇನ್ ಬೇಡುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊದಿಂದ ಚೆನ್ನೈ ಬಂದರಿಗೆ ರೈಲಿನ ಸಂಪರ್ಕವಿದೆ, ರಾಜ್ಯದ ರಫ್ತುದಾರರಿಗೆ ಅದು ಬಹುಕಾಲದ ಆಸರೆ. ಅದರ ಸುತ್ತ ಐಟಿ ಕಚೇರಿಗಳು ಮತ್ತು ಬಡಾವಣೆಗಳು ದಟ್ಟವಾದವು, 2023ರಲ್ಲಿ ಮೆಟ್ರೊ ಕೂಡ ಕಾಡುಗೋಡಿಯವರೆಗೆ ಬಂತು. ಡಿಪೊ ಇರುವ ಕಡೆ ಮನೆಗಳಿಗೆ ಅನುಮತಿ ಕೊಟ್ಟು, ಆಮೇಲೆ ಟ್ರೇಲರ್‌ಗೆ ಹೊತ್ತಿನ ಮಿತಿ ಹಾಕುವುದು ಇಬ್ಬರಿಗೂ ಮಾಡುವ ಅನ್ಯಾಯ.

ಹೊಸ ಪ್ರಯತ್ನ ನಡೆದಿರುವುದು ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ. ಸುಮಾರು 400 ಎಕರೆಯ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕ್ ಅದು, ಅಂದರೆ ರೈಲು ಮತ್ತು ಲಾರಿಗಳ ನಡುವೆ ಸರಕು ಬದಲಿಸುವ, ದಾಸ್ತಾನು ಇಡುವ ಜಾಗ. ತುಮಕೂರು ಹೆದ್ದಾರಿ, ಹುಬ್ಬಳ್ಳಿ ಕಡೆಯ ರೈಲು ಮಾರ್ಗ, ಉಪನಗರ ವರ್ತುಲ ರಸ್ತೆ ಮೂರೂ ಹತ್ತಿರ. ಆ ವರ್ತುಲ ರಸ್ತೆಯಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆಗೆ ಹೋಗುವ 80 ಕಿಲೋಮೀಟರ್ 2024ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಮುಂಬಯಿ ಕಡೆಯಿಂದ ಚೆನ್ನೈಗೆ ಹೋಗುವ ಲಾರಿ ಬೆಂಗಳೂರಿನ ಒಳಗೆ ಬರಲೇಬೇಕಾದ ಅನಿವಾರ್ಯ ಇದರಿಂದ ಕಡಿಮೆಯಾಗಿದೆ. ನನಗೆ ಈ ಯೋಜನೆಯ ಮೇಲೆ ನಂಬಿಕೆಯಿದೆ, ಒಂದು ಆತಂಕವೂ ಇದೆ. ಹೊಸ ವರ್ತುಲ ರಸ್ತೆಯ ಎರಡೂ ಬದಿಯಲ್ಲಿ ಬಡಾವಣೆಯ ಫಲಕಗಳು ಆಗಲೇ ಎದ್ದಿವೆ. ಇದೇ ವೇಗದಲ್ಲಿ ಮನೆಗಳು ಬಂದರೆ ಕೊಯಂಬೇಡುವಿನ ಕಥೆ ದೊಡ್ಡಬಳ್ಳಾಪುರದಲ್ಲೂ ನಡೆಯುತ್ತದೆ.

ರೈಲು ಯಾರಿಗೆ? ಐದಾರು ನೂರು ಕಿಲೋಮೀಟರ್ ಮೀರಿದ ದೂರಕ್ಕೆ, ಧಾನ್ಯ, ಸಿಮೆಂಟು, ಗೊಬ್ಬರ, ಕಂಟೇನರ್‌ನಂಥ ದೊಡ್ಡ ಮೊತ್ತಕ್ಕೆ. ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸುವ ರೋ-ರೋ ವ್ಯವಸ್ಥೆಯೂ ಇದೆ. ಕೊಂಕಣ ರೈಲ್ವೆ ಇದನ್ನು 1999ರಲ್ಲಿ ಶುರು ಮಾಡಿತು, ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆ ನಿಲ್ದಾಣಕ್ಕೆ 682 ಕಿಲೋಮೀಟರ್‌ನ ಸೇವೆ 2020ರ ಆಗಸ್ಟ್‌ನಲ್ಲಿ ಹೊರಟಿತು. ಇದಕ್ಕೆ ದೊಡ್ಡ ಗೋದಾಮು ಬೇಡ, ಲಾರಿ ಹತ್ತುವ ಇಳಿಜಾರು ಮತ್ತು ಸಾಲಾಗಿ ಕಾಯುವ ಜಾಗ ಇದ್ದರೆ ಆಯಿತು. ಜಾಗ ಕಡಿಮೆಯಿರುವ ಊರುಗಳು ಗಮನಿಸಬೇಕಾದ ಅಂಶ ಇದು.

ತೆರಿಗೆಯೂ ಜಾಗ ಆರಿಸುತ್ತದೆ

ಗೋದಾಮು ಎಲ್ಲಿ ಏಳುತ್ತದೆ ಎಂಬುದನ್ನು ಯೋಜನಾ ಪ್ರಾಧಿಕಾರ ಒಂದೇ ತೀರ್ಮಾನಿಸುವುದಿಲ್ಲ. ಮುಂಬಯಿಯಲ್ಲಿ 2017ರವರೆಗೂ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಇತ್ತು. ಅದರ ಗಡಿಯಾಚೆಯ ಭಿವಂಡಿಯಲ್ಲಿ ಗೋದಾಮುಗಳು ಹೊಲಗಳ ನಡುವೆ ಸಾಲುಗಟ್ಟಿದ್ದಕ್ಕೆ ಆ ತೆರಿಗೆಯೂ ಒಂದು ದೊಡ್ಡ ಕಾರಣ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪನಿಗಳಿಗೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುವ ಅಗತ್ಯ ತಪ್ಪಿತು, ಕೆಲವೇ ಕಡೆ ದೊಡ್ಡವು ಸಾಕಾದವು. ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತ ತಗಡು ಛಾವಣಿಯ ಕಟ್ಟಡಗಳು ಹಬ್ಬಿದ್ದರ ಹಿಂದೆ ಇದೂ ಇದೆ. ರಾಗಿಯ ಹೊಲ ಪರಿವರ್ತನೆಯಾಗಿ ಗೋದಾಮು ನಿಂತಿತು, ಎತ್ತಿನ ಗಾಡಿಗೆಂದು ಮಾಡಿದ ಹಳ್ಳಿಯ ರಸ್ತೆಯಲ್ಲಿ ಹದಿನಾಲ್ಕು ಚಕ್ರದ ಲಾರಿ ಬಂತು. ಭೂಪರಿವರ್ತನೆಗೆ ಅನುಮತಿ ಕೊಡುವಾಗ ರಸ್ತೆಯ ಅಗಲದ ಜೊತೆ ರಸ್ತೆಯ ದಪ್ಪವನ್ನೂ ಕೇಳಬೇಕು. ಗ್ರಾಮ ಪಂಚಾಯಿತಿಯವರು ಈ ಒಂದು ಪ್ರಶ್ನೆ ಕೇಳಲು ಶುರು ಮಾಡಿದರೂ ಬಹಳ ರಸ್ತೆಗಳು ಉಳಿಯುತ್ತವೆ.

ಬಡಾವಣೆಯೊಳಗಿನ ಸಣ್ಣ ಗೋದಾಮು

ಹತ್ತು ನಿಮಿಷದಲ್ಲಿ ಹಾಲು, ಬ್ರೆಡ್ಡು ತಂದುಕೊಡುವ ಕಂಪನಿಗಳು ಮನೆಗಳ ನಡುವಿನ ಮಳಿಗೆಗಳನ್ನು ಬಾಡಿಗೆಗೆ ಹಿಡಿದು ದಾಸ್ತಾನು ಇಡುತ್ತಿವೆ. ತತ್ತ್ವದಲ್ಲಿ ಇದು ಒಳ್ಳೆಯದು, ಕೊನೆಯ ದಾರಿ ಚಿಕ್ಕದಾಗುತ್ತದೆ. ತೊಂದರೆ ಬರುವುದು ಅನುಮತಿಯಲ್ಲಿ. ಕಾಗದದ ಮೇಲೆ ಅದು ಅಂಗಡಿ, ಕೆಲಸದಲ್ಲಿ ಗೋದಾಮು. ಬಾಗಿಲ ಮುಂದೆ ಮೂವತ್ತು ಸ್ಕೂಟರ್ ನಿಂತಿರುತ್ತವೆ, ಆ ಹುಡುಗರಿಗೆ ಕೂರಲು ಕಟ್ಟೆಯಿಲ್ಲ, ನಡುರಾತ್ರಿ ಸರಕು ಇಳಿಯುತ್ತದೆ. ಇಂಥ ಕಡೆ ಕಟ್ಟಡದ ಒಳಗೇ ವಾಹನ ನಿಲುಗಡೆ ಮತ್ತು ರಾತ್ರಿ ಇಳಿಸುವ ಹೊತ್ತಿನ ಮಿತಿ, ಇವೆರಡನ್ನು ಪರವಾನಗಿಯಲ್ಲೇ ಬರೆಸಿದರೆ ಉಳಿದದ್ದು ಹೆಚ್ಚು ಕಷ್ಟವಲ್ಲ.

ನನ್ನ ತೀರ್ಮಾನ

ಲಕ್ಷದೊಳಗಿನ ಜನಸಂಖ್ಯೆಯ ಊರಾಗಿದ್ದರೆ ಚಿಲ್ಲರೆಗೆ ಸರಕು ಕೊಡುವ ಪೇಟೆಯನ್ನು ಅಲುಗಿಸಬೇಡಿ. ಸಿಮೆಂಟು, ಕಬ್ಬಿಣ, ಮರ, ಗೊಬ್ಬರಗಳನ್ನು ಮಾತ್ರ ಹೊರಗೆ ಕಳಿಸಿ, ಲಾರಿ ಕಾಯುವ ಜಾಗ ಮಾಡಿ. ಒಂದೇ ಬೆಳೆಯ ದೊಡ್ಡ ಮಾರುಕಟ್ಟೆ ಇರುವ ಬ್ಯಾಡಗಿಯಂಥ ಊರಿಗೆ ಪ್ರಾಂಗಣಕ್ಕೆ ನೇರ ದಾರಿಯೇ ಮೊದಲ ಖರ್ಚು. ದಾವಣಗೆರೆ, ಶಿವಮೊಗ್ಗ, ಮೈಸೂರಿನ ಅಳತೆಯ ಊರಿಗೆ ಯಾರ್ಡು ಬೇಕು. ಒಂದೇ ದೊಡ್ಡದನ್ನು ಕಟ್ಟುವುದಕ್ಕಿಂತ ಊರಿನ ಎರಡು ದಿಕ್ಕಿನಲ್ಲಿ ಎರಡು ಇರುವುದು ಮೇಲು, ಆಗ ಸಣ್ಣ ಗಾಡಿಗಳು ಊರನ್ನು ಅಡ್ಡ ಹಾಯಬೇಕಾಗಿಲ್ಲ. ಬೆಂಗಳೂರಿಗೆ ಎಲ್ಲವೂ ಬೇಕು: ಹೊರಗೆ ರೈಲಿನ ಪಾರ್ಕ್, ನಾಲ್ಕು ದಿಕ್ಕಿನಲ್ಲಿ ಯಾರ್ಡು, ಒಳಗೆ ಹಗುರ ಸರಕಿನ ಹಳೆಯ ಪೇಟೆ. ಮಂಗಳೂರಿಗೆ ಮಾತ್ರ ಆಯ್ಕೆ ಕಡಿಮೆ. ಬಂದರನ್ನು ಯಾರೂ ಎತ್ತಿ ಇಡಲಾರರು. ಪಣಂಬೂರು ಮತ್ತು ಬೈಕಂಪಾಡಿಯ ಸುತ್ತ ಇನ್ನಷ್ಟು ಮನೆಗಳಿಗೆ ಅನುಮತಿ ಕೊಡದಿರುವುದೇ ಅಲ್ಲಿ ಮಾಡಬಹುದಾದ ದೊಡ್ಡ ಕೆಲಸ, ಆ ದಾರಿಯಲ್ಲಿ ಅನಿಲದ ಟ್ಯಾಂಕರ್‌ಗಳು ಓಡುತ್ತವೆ.

ಇದನ್ನೆಲ್ಲ ಹೇಳಲು ಒಂದು ವೇಳೆ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆ ಮತ್ತು ಸಲಹೆಗಳಿಗೆ ಅರವತ್ತು ದಿನ ಸಿಗುತ್ತದೆ. ಉದ್ಯಾನ ಉಳಿಸಲು, ಮನೆಯ ಮುಂದಿನ ರಸ್ತೆಯ ಅಗಲದ ಬಗ್ಗೆ ಜನ ಬರೆಯುತ್ತಾರೆ. ಸರಕಿನ ಬಗ್ಗೆ ಬರೆದವರನ್ನು ನಾನು ಕಂಡದ್ದು ಅಪರೂಪ. ಬರೆಯುವ ಮೊದಲು ಇಬ್ಬರು ಸೇರಿ ಮಾರುಕಟ್ಟೆಯ ದಾರಿಯಲ್ಲಿ ಮೂರು ದಿನ ನಿಲ್ಲಿ: ಒಂದು ಸಂತೆಯ ದಿನ, ಒಂದು ಮಾಮೂಲಿ ದಿನ, ಒಂದು ಭಾನುವಾರ. ಬೆಳಗಿನ ಮೂರರಿಂದ ಒಂಬತ್ತರವರೆಗೆ ಗಂಟೆಗೊಂದು ಹಾಳೆ. ಹಾಳೆಯಲ್ಲಿ ನಾಲ್ಕು ಮನೆ ಮಾಡಿ: ಹತ್ತು ಚಕ್ರ ಮತ್ತು ಅದಕ್ಕಿಂತ ದೊಡ್ಡ ಲಾರಿ, ಆರು ಚಕ್ರದ ಲಾರಿ, ನಾಲ್ಕು ಚಕ್ರದ ಸಣ್ಣ ಗಾಡಿ, ಲಗೇಜ್ ಆಟೊ ಮತ್ತು ತಳ್ಳುಗಾಡಿ. ಬಂದದ್ದಕ್ಕೆ ಒಂದು ಗೆರೆ, ಹೋದದ್ದಕ್ಕೆ ಇನ್ನೊಂದು. ಆ ಹದಿನೆಂಟು ಹಾಳೆಗಳ ಪ್ರತಿಯನ್ನು ಆಕ್ಷೇಪಣೆಗೆ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಮೂಲ ಹಾಳೆಗಳು ನಿಮ್ಮ ಬಳಿಯೇ ಇರಲಿ.